ಗುಂಡು ಸಿಗದ ಬಂದೂಕುಗಳು

ನಮ್ಮ ಹಿಟ್ಟಿನ ಗಿರಣಿಯ ಬಾಜೂಕ್ಕೇ ಸದಾಶಿವನ ಮೋಟಾರು ರಿಪೇರಿ ಅಂಗಡಿ. ಅಂಗಡಿಯ ಹಿಂದೆ ಅವನ ಮನೆ. ಸುಟ್ಟುಹೋದ ಪಂಪಿನ ಮೋಟಾರನ್ನು ಅವನಷ್ಟು ಚೊಕ್ಕಟವಾಗಿ ಸುತ್ತಿ ಕೊಡುವವರು ಗೋಕಾಕದಲ್ಲಿ ಇನ್ನೊಬ್ಬರಿಲ್ಲ. ಐವತ್ತೈದು ದಾಟಿದೆ, ಮದುವೆಯಾಗಿಲ್ಲ. ಯಾಕಾಗಲಿಲ್ಲ ಎಂದು ಕೇಳಿ ಕೇಳಿ ನಾನೇ ಬೇಸತ್ತಿದ್ದೇನೆ. ಹೆಣ್ಣು ನೋಡಲು ಹೋಗಬೇಕಾದ ವಯಸ್ಸಿನಲ್ಲಿ ಈ ಪುಣ್ಯಾತ್ಮ ಬಂದೂಕು ನೋಡಲು ಊರೂರು ಅಲೆದ.

ಅವಾದರೂ ಎಂಥ ಬಂದೂಕು! ಒಂದು ಸಲಕ್ಕೆ ಒಂದೇ ಗುಂಡು ಹಾಕುವ, ಬ್ರಿಟಿಷರ ಕಾಲದವು. ಕೆಳಗಿನ ಹಿಡಿಕೆ ಜಗ್ಗಿದರೆ ಮೇಲೆ ಬಾಯಿ ತೆರೆಯುತ್ತದೆ. ಅದರೊಳಗೆ ಹೆಬ್ಬೆರಳು ಗಾತ್ರದ ಕಾಡತೂಸು ಇಡಬೇಕು. ಆ ಅಳತೆಯ ಕಾಡತೂಸು ಮಾಡುವುದನ್ನು ಕಾರ್ಖಾನೆಗಳು ಯಾವ ಕಾಲದಲ್ಲೋ ನಿಲ್ಲಿಸಿವೆ. ಅಂದಮೇಲೆ ಇವುಗಳಿಂದ ಒಂದು ಕಾಗೆಯೂ ಸಾಯುವುದಿಲ್ಲ. ಆದರೂ ಸರಕಾರದ ಕಣ್ಣಿಗೆ ಆಯುಧವೇ. ಲೈಸೆನ್ಸಿಗಾಗಿ ಬೆಳಗಾವಿಗೆ ತಿರುಗಿ ತಿರುಗಿ ಚಪ್ಪಲಿ ಸವೆಸಿದ್ದಾನೆ. ಚುನಾವಣೆ ಬಂತೆಂದರೆ ಎಲ್ಲವನ್ನೂ ಠಾಣೆಗೆ ಒಪ್ಪಿಸಿ, ಮುಗಿದ ಮೇಲೆ ಮತ್ತೆ ಹೊತ್ತು ತರಬೇಕು.

"ಸುಡಾಕ ಬರಂಗಿಲ್ಲ, ಮಾರಾಕ ನಿನಗ ಮನಸಿಲ್ಲ. ಯಾತಕ್ಕ ಬೇಕೋ ಸದಾಶಿವಾ ಈ ಗುಜರಿ?" ಎಂದು ಒಮ್ಮೆ ರೇಗಿದೆ.

"ಗುಂಡು ಸಿಗಂಗಿಲ್ಲ ಅಂತ ಎಲ್ಲಾರೂ ಅಟ್ಟಕ್ಕ ಒಗದಾರ್ರಿ ವೈನಿ. ಯಾರರ ಒಬ್ಬರು ವಿಚಾರಸಬೇಕಲ್ಲ," ಎಂದ.

ಕೇಳಿ ಸಂಕಟವಾಯಿತು. ಅವತ್ತಿನಿಂದ ಗುಜರಿ ಅನ್ನುವುದನ್ನು ಬಿಟ್ಟೆ.

ಬಂದೂಕು ತರುವಾಗ ಆ ಮನೆಯವರಿಗೆ ಒಂದು ಮಾತು ಹೇಳಿ ಬರುತ್ತಿದ್ದ. ಮಹಾನವಮಿಗೆ, ಆಯುಧಗಳಿಗೆ ಖಂಡೇಪೂಜೆ ಮಾಡುವ ದಿನ ನಮ್ಮ ಮನೆಗೆ ಬನ್ನಿ, ನಿಮ್ಮ ಬಂದೂಕನ್ನು ನೀವೇ ಪೂಜಿಸಿ, ಉಂಡು ಹೋಗಿ ಎಂದು. ಮಮದಾಪುರದವರು ಹೂಂ ಅಂದರು. ಕಣಗಲಾದವರೂ ಹೂಂ ಅಂದರು. ಒಬ್ಬರೂ ಬರಲಿಲ್ಲ. ಪ್ರತಿ ವರ್ಷ ಚಾಪೆ ಹಾಸಿ ಬಾಗಿಲಲ್ಲಿ ನಿಲ್ಲುವುದು, ಹೊತ್ತು ಇಳಿದ ಮೇಲೆ ಹೋಳಿಗೆಯ ಡಬ್ಬಿಯನ್ನು ನಮ್ಮ ಮನೆಗೆ ತಂದಿಡುವುದು. ಆ ಹೋಳಿಗೆ ನಾನೇ ಮಾಡಿಕೊಟ್ಟದ್ದು. ಬರುತ್ತೇವೆಂದು ಹೇಳಿ ಬರದವರ ಮೇಲೆ ನನಗೆ ಎಲ್ಲಿಲ್ಲದ ಸಿಟ್ಟು. ಅವನಿಗೆ ಸಿಟ್ಟು ಮಾಡಲೂ ಬರುವುದಿಲ್ಲ. "ಸುಗ್ಗಿ ದಿನಾರಿ, ಕೆಲಸ ಇರ್ತೈತಿ" ಎಂದು ಅವರ ಪರವಾಗಿಯೇ ಮಾತಾಡುತ್ತಿದ್ದ.

ಹೋದ ಬೇಸಿಗೆಯಲ್ಲಿ ದಡ್ಡಿಯ ಬಾಳವ್ವನ ಮನೆಯಿಂದ ಇನ್ನೊಂದು ಬಂತು. ಕುರುಬರ ಮನೆತನ. ಕುರಿಹಿಂಡಿಗೆ ತೋಳದ ಕಾಟವಿದ್ದಾಗ ಅವರ ಹಿರಿಯರಿಗೆ ಯಾರೋ ದೇಸಾಯರು ಕೊಟ್ಟದ್ದಂತೆ. ಅವಳ ಗಂಡ ಪರಸಪ್ಪ ತೀರಿಹೋದ ಮೇಲೆ ಲೈಸೆನ್ಸು ತೆಗೆದುಕೊಳ್ಳುವವರು ಯಾರೂ ಇರಲಿಲ್ಲ. ಸರಕಾರಕ್ಕೆ ಒಪ್ಪಿಸಿದರೆ ಮುರಿದು ಹಾಕುತ್ತಾರೇನೋ ಎಂದು ಹೆದರಿ ಸದಾಶಿವನ ಹೆಸರಿಗೆ ಮಾಡಿಕೊಟ್ಟಳು. ಕಂಬಳಿಯಲ್ಲಿ ಸುತ್ತಿ ಕೊಡುವಾಗ, ಇವನು ಬಾಯಿ ತೆರೆಯುವ ಮೊದಲೇ ಅಂದಳಂತೆ: "ಖಂಡೇಪೂಜಿಗೆ ನಾ ಬರ್ತೇನ್ರಿ ಅಣ್ಣಾರ. ಅವರು ಒಂದ ವರ್ಸನೂ ತಪ್ಪಿಸಿದವರಲ್ಲ."

ಕರೆಯದೆಯೇ ಬರುತ್ತೇನೆ ಎಂದವಳು ಇವಳೊಬ್ಬಳೇ. ಸದಾಶಿವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮನೆಗೆ ಸುಣ್ಣ ಬಳಿಸಿದ. ಹೊಸ ಚಾಪೆ ತಂದ. ಹೋಳಿಗೆಗೆ ಯಾಲಕ್ಕಿ ಎಷ್ಟು ಹಾಕಬೇಕೆಂದು ನನಗೇ ಹೇಳಿಕೊಡಲು ಬಂದ!

ಆಮೇಲೆ ಬಂದೂಕಿಗೆ ಕೈ ಹಚ್ಚಿದ. ನಮ್ಮ ಮನೆಗಳಲ್ಲಿ ಖಂಡೇಪೂಜೆಗೆ ಮೊದಲು ತಕ್ಕಡಿ, ಸುತ್ತಿಗೆ, ಇಕ್ಕಳ ಎಲ್ಲವನ್ನೂ ತಿಕ್ಕಿ ಬೆಳಗಿ, ಆಮೇಲೆಯೇ ವಿಭೂತಿ ಹಚ್ಚುವುದು. ಹೊಲಸಿನ ಮೇಲೆ ಪೂಜೆ ಮಾಡಬಾರದು ಎಂದು ಕೇಳುತ್ತಲೇ ಬೆಳೆದವರು ನಾವು. ಬಾಳವ್ವನ ಬಂದೂಕಿನ ನಳಿಗೆಗೆ ತುಕ್ಕು ಹಿಡಿದಿತ್ತು. ಹಿಂದಿನ ಕಟ್ಟಿಗೆಯ ಮೇಲೆ ಎಣ್ಣೆಯೂ ಭಂಡಾರದ ಅರಿಶಿನವೂ ಕೂಡಿ ಗಟ್ಟಿ ಹೆಕ್ಕಳೆಯಾಗಿತ್ತು. ಸದಾಶಿವ ದಿನವೂ ಅಂಗಡಿ ಮುಚ್ಚಿದ ಮೇಲೆ ಅರಿವೆಯನ್ನು ಡೀಸೆಲ್‌ನಲ್ಲಿ ಅದ್ದಿ ಒರೆಸಿದ. ಹೆಕ್ಕಳೆ ಹೋಗಿ ಅದರ ಕೆಳಗಿನ ಕಟ್ಟಿಗೆ ಕೆಂಪಗೆ ಹೊಳೆದಾಗ ನನ್ನನ್ನು ಕರೆದು ತೋರಿಸಿದ. ಚಂದ ಆಗೈತಿ ಎಂದು ನಾನೂ ಹೊಗಳಿದೆ.

ಮಹಾನವಮಿಯ ದಿನ ಬಾಳವ್ವ ನಿಜಕ್ಕೂ ಬಂದಳು. ಹುಕ್ಕೇರಿಯಲ್ಲಿ ಬಸ್ಸು ಬದಲಿಸಿ, ಕೇಳಿಕೊಂಡು ಕೇಳಿಕೊಂಡು ಅಂಗಡಿ ಹುಡುಕಿ ಬಂದಿದ್ದಳು. ಕೈಯಲ್ಲಿ ಭಂಡಾರದ ಚೀಲ, ಒಂದು ತೆಂಗಿನಕಾಯಿ. ಕಾಲಿಗೆ ನೀರು ಕೊಡುವಾಗ ಸದಾಶಿವ ಅರ್ಧ ತಂಬಿಗೆ ತನ್ನ ಮೇಲೆಯೇ ಚೆಲ್ಲಿಕೊಂಡ. ಅವನಷ್ಟೇ ಖುಷಿ ನನಗೂ ಆಗಿತ್ತು. ಸುಳ್ಳೇಕೆ ಹೇಳಲಿ, ಕಣ್ಣು ತುಂಬಿ ಬಂತು.

ಒಳಗೆ ಬಂದೂಕುಗಳನ್ನು ಗೋಡೆಗೆ ಸಾಲಾಗಿ ಆನಿಸಿ ಇಟ್ಟಿದ್ದ. ಬಾಳವ್ವ ಆ ತುದಿಯಿಂದ ಈ ತುದಿಯವರೆಗೆ ನೋಡಿದಳು. ಮತ್ತೊಮ್ಮೆ ನೋಡಿದಳು.

"ನಮ್ಮದೆಲ್ಲೈತ್ರಿ ಅಣ್ಣಾರ?"

"ನಿಮ್ಮ ಮುಂದ ಐತಲ್ರಿ ಅಕ್ಕಾರ!" ಸದಾಶಿವ ಮುಖವರಳಿಸಿ ನಕ್ಕ. ಅವಳಿಗೆ ಗುರುತೇ ಸಿಗದಷ್ಟು ಚೆನ್ನಾಗಿ ಬೆಳಗಿದ್ದೇನೆ ಎಂಬ ಹೆಮ್ಮೆ ಅವನಿಗೆ.

ಬಾಳವ್ವ ಕೂತು ಬಂದೂಕನ್ನು ತೊಡೆಯ ಮೇಲೆ ಎಳೆದುಕೊಂಡಳು. ಹಿಂದಿನ ಕಟ್ಟಿಗೆಯನ್ನು ಈ ಮಗ್ಗುಲು ಆ ಮಗ್ಗುಲು ಹೊರಳಿಸಿದಳು. ಒಂದು ಕಡೆ ಅಂಗೈಯಿಂದ ಸವರಿದಳು.

"ಇಲ್ಲೇ ಅವರ ಕೈ ಇತ್ರಿ," ಎಂದಳು.

ನಮಗೆ ತಿಳಿಯಲಿಲ್ಲ. ಅವಳೇ ಹೇಳಿದಳು: "ಎಣ್ಣಿ ಭಂಡಾರದಾಗ ಕೈ ಅದ್ದಿ ವರ್ಸಾ ಇಲ್ಲೇ ಒತ್ತತಿದ್ರು. ಹ್ವಾದ ವರ್ಸದ ಗುರುತಿನ ಮ್ಯಾಲೇನ. ಐದೂ ಬಟ್ಟು ಕಾಣತಿದ್ದೂ. ನಮ್ಮೊಳಗ ಅದನ್ನ ತೊಳಿಯಂಗಿಲ್ರಿ. ಅವರು ಹ್ವಾದಮ್ಯಾಲೆ ನಾನೂ ಅದರ ಮ್ಯಾಲೆ ಕೈ ಇಟ್ಟಿಲ್ಲ, ಬಾಜೂಕ ಒಂದ ಬಟ್ಟು ಹಚ್ಚತಿದ್ನಿ."

ಇವನು ಏನು ಹೇಳಲಿದ್ದಾನೆಂದು ನನಗೆ ಗೊತ್ತಾಯಿತು. ಹೇಳದಿರಲಪ್ಪಾ ಬಸವಣ್ಣ ಎಂದು ಬೇಡಿಕೊಂಡೆ. ಹೇಳಿಯೇಬಿಟ್ಟ.

"ನಾ ಹೊಲಸ ಅಂತ ತಿಳದ್ನಿ ಅಕ್ಕಾರ."

ಬಾಳವ್ವ ಬೈದಿದ್ದರೆ ನಾನು ಅವನ ಪರವಾಗಿ ಜಗಳಕ್ಕೆ ನಿಲ್ಲಬಹುದಿತ್ತು. ಸದಾಶಿವ ಎಣ್ಣೆಯ ಬಟ್ಟಲನ್ನು ಅವಳ ಮುಂದೆ ಸರಿಸಿದ. "ನೀವ ಒತ್ರಿ ಅಕ್ಕಾರ. ಇನ್ನ ಮ್ಯಾಲೆ ಯಾರೂ ಒರಸಂಗಿಲ್ಲ. ನನ್ನಾಣಿ."

"ನನ್ನ ಕೈ ತಗೊಂಡ ಏನ ಮಾಡೂದೈತ್ರಿ?" ಎಂದಳು. ಬಟ್ಟಲನ್ನು ಪಕ್ಕಕ್ಕೆ ಸರಿಸಿ ಕೇಳಿದಳು, "ಒರಸಿದ ಅರಿವಿ ಐತೇನ್ರಿ?"

ಸದಾಶಿವ ಅಂಗಡಿಗೆ ಓಡಿದ. ಮೇಜಿನ ಕೆಳಗಿನ ಡಬ್ಬಿಯನ್ನು ಬೋರಲು ಹಾಕಿ ಹುಡುಕಿ ತಂದ. ಹಳೆಯ ಧೋತರದ ತುಂಡು, ಡೀಸೆಲ್ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಕಪ್ಪು ಜಿಡ್ಡಿನ ನಡುವೆ ಅಲ್ಲಲ್ಲಿ ಹಳದಿ ಇತ್ತು. ಬಾಳವ್ವ ಅದನ್ನು ಹಣೆಗೆ ಒತ್ತಿಕೊಂಡಳು, ನಾಲ್ಕು ಮಡಿಕೆ ಮಾಡಿ ಸೆರಗಿನ ತುದಿಗೆ ಗಂಟು ಹಾಕಿದಳು. ಬಂದೂಕನ್ನು ಇದ್ದಲ್ಲಿಗೇ ಆನಿಸಿ ಎದ್ದಳು.

ಉಂಡು ಹೋಗು ಎಂದು ನಾನು ಕೈ ಹಿಡಿದೆ. ಉಪವಾಸ ಎಂದಳು. ಸುಳ್ಳೆಂದು ಮೂವರಿಗೂ ಗೊತ್ತಿತ್ತು.

ಸದಾಶಿವ ಬಾಗಿಲವರೆಗೂ ಹಿಂದೆ ಹೋದ. "ಮುಂದಿನ ವರ್ಸ ಬರ್ರಿ ಅಕ್ಕಾರ," ಎಂದ. ಅವನ ದನಿ ಅಷ್ಟು ಸಣ್ಣದಾಗಿದ್ದನ್ನು ನಾನು ಕೇಳಿರಲಿಲ್ಲ.

ಬಾಳವ್ವ ಹೊರಳಿ ನೋಡಿದಳು. "ಇನ್ನ ಯಾತಕ್ಕ ಬರೂದ್ರಿ ಅಣ್ಣಾರ?" ಎಂದಳು.

ಚುಚ್ಚಿ ಆಡಿದ ಮಾತಲ್ಲ ಅದು. ಬರಲು ಇನ್ನೇನು ಕಾರಣ ಎಂದು ನಿಜಕ್ಕೂ ತಿಳಿಯದೆ ಕೇಳಿದ್ದು. ಅವಳಿಗೆ ಸಿಟ್ಟು ಬಂದಿದ್ದರೂ ಚೆನ್ನಾಗಿತ್ತು. ಸಿಟ್ಟಾದವರು ಜಗಳವಾಡಲಿಕ್ಕಾದರೂ ಇನ್ನೊಮ್ಮೆ ಬರುತ್ತಾರೆ.