ಬೆಳ್ಳುಳ್ಳಿ ಹಾಕದ ಸಾರು

ಹನುಮವ್ವ ನೆನೆಸಿಟ್ಟ ಹುರುಳಿಯನ್ನು ತೊಳೆದು ಕುಕ್ಕರಿಗೆ ಸುರಿದಳು. ಮುಚ್ಚಳದ ರಬ್ಬರು ಸಡಿಲಾಗಿತ್ತು. ತಣ್ಣೀರಿನಲ್ಲಿ ಅದ್ದಿ ಕೂರಿಸಿ, ಒಲೆ ಹಚ್ಚಿದಳು. ಹುರುಳಿಗೆ ಎಂಟು ಸೀಟಿಯಾದರೂ ಬೇಕು.

ಒಂದೇ ಕೋಣೆಯ ಮನೆ. ಸೊಸೆ ಅಂಬಿಕಾ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಏಳು ತಿಂಗಳಿಗೇ ನೋವು ಬಂದು ಹೆತ್ತ ಹೆಣ್ಣುಮಗು ಒಂದು ದಿನ ಬದುಕಿತ್ತು. ಹೆರಿಗೆಯಾಗಿ ಇಂದಿಗೆ ಎಂಟು ದಿನ.

ಹೊಸ್ತಿಲಲ್ಲಿ ಕೂತಿದ್ದ ಮಗ ದೇವು ಫೋನು ಕೆಳಗಿಟ್ಟ. "ಯವ್ವಾ, ಸೂಪರ್‌ವೈಜರ್ ಮತ್ತ ಕೇಳಾಕತ್ತಾನ. ನಾಳೆ ಅಂಬಿಕಾ ಪ್ಯಾಕಿಂಗ್ ಕೆಲಸಕ್ಕ ಬರ್ಲಿಲ್ಲಂದ್ರ ಬ್ಯಾರೇದವ್ರನ್ನ ಹಚ್ಚತೀನಿ ಅಂದ. ನಿನ್ನೆ ನೀನೂ ಹೂಂ ಅಂದಿಯಲ್ಲ. ಬರ್ತಾಳಂತ ಹೇಳಿಬಿಡ್ಲ್ಯಾ?"

"ತಡಿ. ಉಣ್ಣಲಿ ಮೊದಲ."

ನಿನ್ನೆ ಹನುಮವ್ವ ಹೂಂ ಅಂದದ್ದು ನಿಜ. ರಾತ್ರಿ ಮಾತ್ರ ಹಳೆಯದೆಲ್ಲ ನೆನಪಾಗಿತ್ತು. ಮೂವತ್ತು ವರ್ಷದ ಹಿಂದೆ ಅವಳ ಮೊದಲ ಮಗು ಸತ್ತೇ ಹುಟ್ಟಿತ್ತು. ಆರನೆಯ ದಿನಕ್ಕೆ ಮಂಗೋರ್ ಹಿಲ್ ಎಂಬ ಗುಡ್ಡದ ಮೇಲೆ ಕಟ್ಟುತ್ತಿದ್ದ ಒಂದು ಕಟ್ಟಡದಲ್ಲಿ ಮರಳಿನ ಬುಟ್ಟಿ ಹೊತ್ತಿದ್ದಳು. ಕೂಸೇ ಇಲ್ಲ, ಎಂಥ ಬಾಣಂತಿ ಎಂದಿದ್ದರು. ಯಾರು ಅಂದರೋ ಮರೆತಿದೆ. ಹೌದಲ್ಲ ಎಂದು ತಾನೂ ಒಪ್ಪಿದ್ದು ಮರೆತಿಲ್ಲ. ಎದೆ ಕಲ್ಲಾದಾಗ ನೀರಿನ ಟಾಕಿಯ ಹಿಂದೆ ಹೋಗಿ ಹಾಲನ್ನು ಮರಳಿನ ಮೇಲೆ ಹಿಂಡಿ ಬರುತ್ತಿದ್ದಳು. ಮರಳು ಅದನ್ನು ಕೂಡಲೇ ಕುಡಿದುಬಿಡುತ್ತಿತ್ತು.

ಅದಕ್ಕೇ ಇಂದು ಹುರುಳಿ. ಅವರ ಮನೆತನದಲ್ಲಿ ಬಾಣಂತಿಗೆ ಹುರುಳಿ ಸಾರು: ಕಾಳನ್ನು ಅರ್ಧ ಮಸೆದು, ಮೆಣಸು, ಜೀರಿಗೆ, ಹಿಡಿ ತುಂಬ ಬೆಳ್ಳುಳ್ಳಿ.

ಆರನೆಯ ಸೀಟಿಗೆ ಪಕ್ಕದ ಮನೆಯ ಜಯಶ್ರೀಯ ಕೂಸು ಚೀರಿತು. ನಡುವೆ ಇರುವುದು ತಗಡಿನ ಗೋಡೆ.

"ಏನಕ್ಕಾ, ಈಗರ ಮಲಗಿಸಿದ್ನಿ!" ಜಯಶ್ರೀ ಆಚೆಯಿಂದಲೇ ಕೂಗಿದಳು. "ಕಲ್ಲ ಕುದಸಾಕತ್ತಿಯೇನ?"

"ಹುರಳಿ!"

"ಹುರಳಿ? ಬಾಣಂತಿಗಿ ಮಾಡಿದಂಗ..." ಜಯಶ್ರೀಯ ಮಾತು ಅಲ್ಲಿಗೇ ನಿಂತಿತು. ಕೂಸಿನ ಅಳು ನಿಲ್ಲಲಿಲ್ಲ.

ಅಂಬಿಕಾ ಎದ್ದು ಕೂತು ಸೆರಗನ್ನು ಎದೆಗೆ ಒತ್ತಿಕೊಂಡಳು. ಬೆಳ್ಳುಳ್ಳಿ ಸುಲಿಯುತ್ತಿದ್ದ ಹನುಮವ್ವನ ಕಣ್ಣು ಅತ್ತ ಹೋಯಿತು. ಕುಪ್ಪಸದ ಎರಡೂ ಕಡೆ ಒದ್ದೆ ಹರಡುತ್ತಿತ್ತು.

ಹನುಮವ್ವ ಅಂಗೈಯಲ್ಲಿದ್ದ ಎಸಳುಗಳನ್ನು ನೋಡಿದಳು. ಬಾಣಂತಿಗೆ ಬೆಳ್ಳುಳ್ಳಿ ಕೊಡುವುದು ಯಾಕೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಹಾಲು ಹೆಚ್ಚಲೆಂದು. ಸುಲಿದದ್ದನ್ನೆಲ್ಲ ಡಬ್ಬಿಗೆ ಹಾಕಿ ಮುಚ್ಚಿದಳು.

ಎಂಟು ಸೀಟಿಯಾಯಿತು. ಹನುಮವ್ವ ಒಲೆ ಆರಿಸಿ, ಆವಿ ಇಳಿಯುವ ತನಕ ಕಾದಳು. ಆಮೇಲೆ ಕಾಳು ಮಸೆದು, ಮೆಣಸು ಜೀರಿಗೆಯ ಒಗ್ಗರಣೆ ಕೊಟ್ಟು, ಬಟ್ಟಲು ತುಂಬಿ ಸೊಸೆಯ ಮುಂದಿಟ್ಟಳು.

ಅಂಬಿಕಾ ಒಂದು ಗುಟುಕು ಕುಡಿದಳು. ಇನ್ನೊಂದು ಕುಡಿದು ಬಟ್ಟಲನ್ನೇ ನೋಡಿದಳು.

"ಅತ್ತೀ, ಬಳ್ಳೊಳ್ಳಿ ಹಾಕಿಲ್ಲೇನ್ರಿ?"

"ಇಲ್ಲವಾ."

ಅಂಬಿಕಾ ಆಸ್ಪತ್ರೆಯಲ್ಲಿ ಅತ್ತಿರಲಿಲ್ಲ, ಮಣ್ಣು ಮಾಡಿ ಬಂದ ದಿನವೂ ಅತ್ತಿರಲಿಲ್ಲ. ಈಗ ಬಟ್ಟಲನ್ನು ನೆಲಕ್ಕಿಟ್ಟು, ಸೆರಗಿನಲ್ಲಿ ಮುಖ ಮುಚ್ಚಿ ಅತ್ತಳು.

ಹೊಸ್ತಿಲಲ್ಲಿ ದೇವುವಿನ ಫೋನು ಮತ್ತೆ ಹೊಡೆದುಕೊಂಡಿತು.

"ಬರೂದಿಲ್ಲಂತ ಹೇಳು," ಎಂದಳು ಹನುಮವ್ವ.

"ಕೆಲಸ ಹೊಕ್ಕೈತಿ ಯವ್ವಾ. ಮತ್ತ ಸಿಗೂದಿಲ್ಲ."

"ಹೋಗ್ಲಿ. ನಿನ್ನೆ ನಾ ತಪ್ಪ ಹೇಳಿದ್ನಿ. ಬಾಣಂತಿ ಅದಾಳ, ಬರೂದಿಲ್ಲನ್ನು."

"ಕೂಸ..."

"ಕೂಸ ಇಲ್ಲ. ಹಡದದ್ದು ಖರೇ ಐತಿಲ್ಲೋ?"

ದೇವು ಫೋನು ಹಿಡಿದು ಓಣಿಗಿಳಿದ. ಅವನು ಏನು ಹೇಳಿದನೋ ಒಳಗೆ ಕೇಳಿಸಲಿಲ್ಲ. ತಿರುಗಿ ಬಂದು, ಮೂಲೆಯಲ್ಲಿದ್ದ ಅಂಬಿಕಾಳ ಕೆಲಸದ ಚೀಲವನ್ನು ಮೊಳೆಗೆ ತೂಗುಹಾಕಿ, ಮತ್ತೆ ಹೊರಗೆ ಹೋದ.

ಹನುಮವ್ವ ಟ್ರಂಕು ತೆರೆದಳು. ಕೂಸಿಗೆಂದು ಒಗೆದು ಮಡಿಸಿಟ್ಟ ಹಳೆಯ ಸೀರೆಯ ತುಂಡುಗಳಿದ್ದವು. ಅದರಲ್ಲೊಂದನ್ನು ತೆಗೆದು, ಬಾಣಂತಿಗೆ ಕಟ್ಟುವ ಹಾಗೆ, ಗಾಳಿ ಹೋಗದಂತೆ, ಸೊಸೆಯ ಎರಡೂ ಕಿವಿ ಮುಚ್ಚಿ ತಲೆಗೆ ಬಿಗಿದಳು.

"ಕುಡಿಯವಾ. ಬಿಸಿ ಇದ್ದಾಗ ಕುಡಿ."

ಅಂಬಿಕಾ ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ತಗಡಿನಾಚೆ ಕೂಸು ಮತ್ತೆ ಅಳತೊಡಗಿತು. ಕಿವಿಗೆ ಕಟ್ಟಿದ ಬಟ್ಟೆ ಅಷ್ಟು ದಪ್ಪವಿರಲಿಲ್ಲ.