ಕಂತಿನಲ್ಲಿ ಕೊಂಡ ಆಟ

ದರ್ಜಿಯಮ್ಮನಿಗೆ ಕೆಲವು ತಿಂಗಳಿಂದ ಹತ್ತಿರದ್ದೇನೂ ಸರಿಯಾಗಿ ಕಾಣುತ್ತಿರಲಿಲ್ಲ. ಸೂಜಿಗೆ ದಾರ ಪೋಣಿಸಲು ಮಗಳನ್ನೇ ಕೂಗಬೇಕು. ಕನ್ನಡಕಕ್ಕೆಂದು ಡಬ್ಬಿಯಲ್ಲಿ ಕೂಡಿಟ್ಟ ಹಣಕ್ಕೆ ಎರಡು ಸಲ ಕೈ ಬಿದ್ದಿತ್ತು. ಕಳ್ಳರದಲ್ಲ, ಅವಳದೇ ಕೈ. ಕಷ್ಟಪಟ್ಟು ಮತ್ತೆ ಕೂಡಿಸಿದ್ದಳು. ಈಗ ಮತ್ತೆ ಕೈ ತುರಿಸುತ್ತಿತ್ತು.

ಎಲ್ಲಕ್ಕೂ ಕಾರಣ ಒಂದು ಮೊಬೈಲ್ ಆಟ. ಸಮುದ್ರದಲ್ಲಿ ಕಾಣೆಯಾದ ಅಕ್ಕನನ್ನು ತಂಗಿ ಹುಡುಕುವ ಕಥೆ. ಅಂಗಡಿ ಮುಚ್ಚಿದ ಮೇಲೆ ತಾಯಿ ಮಗಳು ಒತ್ತಿ ಕೂತು ಆಡುತ್ತಿದ್ದರು. ಕಥೆ ಒಂದೇ ಸಲಕ್ಕೆ ಸಿಗದೆ ಕಂತು ಕಂತಾಗಿ ಮಾರಾಟಕ್ಕೆ ಬರುತ್ತಿತ್ತು. ಮೊದಲ ಕಂತು ಚಿಲ್ಲರೆ ಕಾಸಿಗೆ ಸಿಕ್ಕಿತ್ತು. ಅಕ್ಕನ ದೋಣಿ ಕಂಡಿತು ಅನ್ನುವಷ್ಟರಲ್ಲಿ ಆಟ ನಿಂತು, ಎರಡನೆಯದಕ್ಕೆ ದುಡ್ಡು ಕೇಳಿತು. ಆಮೇಲೆ ಮೂರನೆಯದಕ್ಕೆ. ಈಗ ನಾಲ್ಕನೆಯದು ಬಂದಿತ್ತು.

ದರ್ಜಿಯಮ್ಮ ಮಗಳೊಂದಿಗೆ ಪಕ್ಕದ ಮೊಬೈಲ್ ರಿಪೇರಿ ಅಂಗಡಿಗೆ ಹೋಗಿ ಗೆಳತಿಯ ಮುಂದೆ ಡಬ್ಬಿ ಇಟ್ಟಳು. "ಆಟದ ನಾಲ್ಕನೇ ಕಂತಿಗೆ ಇದರಲ್ಲಿ ಕಟ್ಟಿಕೊಡೇ."

"ಇದು ಕನ್ನಡಕದ ದುಡ್ಡಲ್ವೇನೇ?"

"ಕನ್ನಡಕ ಎಲ್ಲಿಗೆ ಓಡಿಹೋಗುತ್ತೆ? ಆಟದಲ್ಲಿ ಆ ಹುಡುಗಿ ಪಾಪ, ನಡುನೀರಲ್ಲಿದಾಳೆ!"

"ಅಲ್ಲಾ, ಒಟ್ಟು ಎಷ್ಟು ಕಂತು? ಕೊನೇದು ಯಾವಾಗ?"

"ಅದನ್ನೆಲ್ಲ ಯಾರು ಕೇಳ್ತಾರೆ? ನಾನೂ ಕೋಟು ಒಂದೇ ಸಲಕ್ಕೆ ಮುಗಿಸ್ತೀನಾ? ಮೊದಲು ತೊಡಿಸಿ ನೋಡ್ತೀನಿ, ಆಮೇಲೆ ತೋಳು, ಆಮೇಲೆ ಗುಂಡಿ. ಅವರೂ ಹಾಗೇ."

ಗೆಳತಿ ನಕ್ಕಳು. "ಬಲತೋಳಿಗೊಂದು ರೇಟು, ಎಡತೋಳಿಗೊಂದು ರೇಟು ಅಂತ ತಗೋತೀಯಾ? ಇಷ್ಟಾಗುತ್ತೆ, ಇಂಥ ದಿನ ಕೊಡ್ತೀನಿ ಅಂತ ಮೊದಲೇ ಹೇಳ್ತೀಯ. ಇವರು ಎಡತೋಳು ಹೊಲೀತಾರೋ ಇಲ್ವೋ ಅನ್ನೋದೂ ಗೊತ್ತಿಲ್ಲ."

ಆಟದ ಪುಟ ತೆರೆದು ಓದಿದಳು. ಕಂತು ಆರು. ಕೊನೆಯ ಎರಡಕ್ಕೆ ದಿನಾಂಕವೇ ಇಲ್ಲ.

"ಎಲ್ಲ ಕೂಡಿದ್ರೆ ಒಂದು ಪೂರ್ತಿ ಆಟಕ್ಕಿಂತ ಜಾಸ್ತಿ ಆಗುತ್ತೆ ನೋಡು. ಮಾರಾಟ ಆಗದಿದ್ರೆ ಅರ್ಧಕ್ಕೇ ಕೈಬಿಡೋರಿದ್ದಾರೆ, ಆಗ ಕೊಟ್ಟಿದ್ದು ವಾಪಸ್ ಬರೋದು ಕಷ್ಟ. ವರ್ಷ ಬಿಟ್ಟು ಬಂದ್ರೆ ಕಥೆ ಮರೆತಿರುತ್ತೆ. ಹೇಳಿದ ಟೈಮಿಗೆ ಮುಗಿಸೋರೂ ಇದ್ದಾರಪ್ಪ, ಇಲ್ಲ ಅನ್ನಲ್ಲ. ಕೇಳಿ ಕೊಳ್ಳಬೇಕು."

ದರ್ಜಿಯಮ್ಮ ಮಗಳ ಮುಖ ನೋಡಲಾಗದೆ ತಲೆ ತಗ್ಗಿಸಿದಳು. ಬೇಡ ಅಂದರೆ ಮಗು ಎಷ್ಟು ನೊಂದುಕೊಳ್ಳುತ್ತದೋ!

ಮಗಳೇ ಬಾಯಿಬಿಟ್ಟಳು. "ಎಲ್ಲಾ ಬಂದ್ಮೇಲೆ ಆಡೋಣಮ್ಮ. ಮೊದಲು ಕನ್ನಡಕ ತಗೋ, ಆಗ ನಿಂಗೂ ಕಾಣಿಸುತ್ತೆ. ಇಷ್ಟು ದಿನ ನೀನು ಆಟ ಕಾಣದೇನೇ, ನನಗೋಸ್ಕರ ಅಂದಾಜಲ್ಲಿ ಆಡ್ತಿದ್ದೆ. ನಂಗೊತ್ತು."

ದರ್ಜಿಯಮ್ಮ ಡಬ್ಬಿ ಎತ್ತಿಕೊಂಡು, ಮಗಳ ಕೈ ಹಿಡಿದು ಕನ್ನಡಕದ ಅಂಗಡಿಗೆ ನಡೆದಳು.

ಅಕ್ಕಂದಿರೇ, ಅಣ್ಣಂದಿರೇ, ಆಟ ಆಡಿ, ಯಾರೂ ಬೇಡ ಅನ್ನುವುದಿಲ್ಲ. ಮೊದಲ ಕಂತಿಗೆ ಕೈ ಹಾಕುವ ಮುನ್ನವೇ ಕೇಳಿ: ಒಟ್ಟು ಎಷ್ಟು ಕಂತು, ಎಲ್ಲ ಬಂದಿವೆಯೇ, ಪೂರ್ತಿಗೆ ಎಷ್ಟಾಗುತ್ತದೆ? ಉತ್ತರ ಸಿಗದಿದ್ದರೆ ದುಡ್ಡು ನಿಮ್ಮ ಹತ್ತಿರವೇ ಇರಲಿ. ಆಟ ಪೂರ್ತಿಯಾದ ಮೇಲೆ ಕೊಂಡರಾಯಿತು.