ತಕ್ಕ ಜಾಹೀರಾತು

ಮತ್ತೆ ಆ ಹೆಬ್ಬೆರಳು, ಫೋನಿನ ಕೆಳಮೂಲೆಯಲ್ಲಿ, ಬಾಗಿಲ ಸಂದಿಗೆ ಸಿಕ್ಕು ಉಗುರು ಕಪ್ಪಾದ ದಪ್ಪ ಹೆಬ್ಬೆರಳು, ಯಾರೋ ಅಂಟು ಹಾಕಿ ಕೂರಿಸಿದ ಹಾಗೆ — ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ಗಂಡ ಅವಳ ಹೊಸ ಬರಹ ಓದುತ್ತಿದ್ದಾನೆ, ತುಟಿ ಅಲ್ಲಾಡಿಸುತ್ತ ಓದುತ್ತಾನೆ, ಈಗಷ್ಟೇ ಅಕ್ಷರ ಕಲಿತವನ ಹಾಗೆ, ಓದಲಿ ಪಾಪ, ಲಿಫ್ಟು ರಿಪೇರಿಯವನಿಗೂ ಒಂದು ರಜಾದಿನ, ಇವತ್ತು ಯಾವ ಲಿಫ್ಟೂ ಕೆಡದಿದ್ದರೆ ಸಾಕು, ಎರಡು ಮಹಡಿಯ ನಡುವೆ ಸಿಕ್ಕಿಕೊಂಡು ಯಾರೂ ಫೋನು ಮಾಡದಿದ್ದರೆ ಸಾಕು. ಅವಳ ಮುಂದೆ ಚಹಾ ಆರುತ್ತಿದೆ, ಕೆನೆ ಕಟ್ಟುತ್ತಿದೆ, ಕುಡಿಯುವ ಮನಸ್ಸಿಲ್ಲ, ಬೆಳಗ್ಗೆಯಿಂದ ಆ ಒಂದು ಸಾಲು ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಿನ ಹಾಗೆ — ಅಕ್ಕಾ, ಬೇಜಾರು ಮಾಡ್ಕೋಬೇಡಿ, ನೀವು ಬರೆಯೋದು ಬರೀರಿ, ಆದ್ರೆ ಆ ಗ್ಲಾಸು ಮಾತ್ರ ತೆಗೆದುಬಿಡಿ. ಬ್ಲಾಗಿನ ಕೆಳಗೆ ಹೀಗೆ ಬರೆದವಳು ಹಳೆಯ ಓದುಗರಲ್ಲೊಬ್ಬಳು, ಹೆಸರು ಹಾಕುವುದಿಲ್ಲ, ಮೂರನೇ ಮಹಡಿಯವಳು ಅಂತಷ್ಟೇ ಬರೆದುಕೊಳ್ಳುತ್ತಾಳೆ, ಅವಳ ಗಂಡನೂ ಈಗ ಕುಡಿತ ಬಿಡುತ್ತಿದ್ದಾನೆ, ಸುಮ್ಮಸುಮ್ಮನೆ ಏನೋ ಹೇಳುವವಳಲ್ಲ. ಆದರೆ ಯಾವ ಗ್ಲಾಸು ತಾಯಿ, ಎಲ್ಲಿಯ ಗ್ಲಾಸು, ಅವಳು ತನ್ನ ಫೋನಿನಲ್ಲಿ ಪುಟವನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲಕ್ಕೆ ಜಾಲಾಡಿಬಿಟ್ಟಿದ್ದಾಳೆ, ಜಾಹೀರಾತಿನ ಜಾಗದಲ್ಲಿ ಕಲೆ ತೆಗೆಯುವ ಪುಡಿ ಇದೆ, ಇಸ್ತ್ರಿ ಪೆಟ್ಟಿಗೆ ಇದೆ, ಬಟ್ಟೆ ಒಣಹಾಕುವ ಮಡಚುವ ಸ್ಟ್ಯಾಂಡಿದೆ, ಗ್ಲಾಸೂ ಇಲ್ಲ, ಲೋಟವೂ ಇಲ್ಲ. ಪಾಪ, ಬೇರೆ ಯಾರದೋ ಪುಟ ನೋಡಿ ಇಲ್ಲಿ ಬರೆದಿರಬೇಕು.

ಸಂಜೆ ಆರು ಗಂಟೆ — ಬ್ಲಾಗಿಗೆ ಆ ಹೆಸರಿಟ್ಟಿದ್ದು ಅವಳೇ, ಬೇರೆ ಹೆಸರು ಹೊಳೆಯಲೇ ಇಲ್ಲ, ಯಾಕೆಂದರೆ ಹಗಲೆಲ್ಲ ಅವನು ಸರಿಯಾಗಿರುತ್ತಾನೆ, ಕೈಯಲ್ಲಿ ಸ್ಪ್ಯಾನರು ಇರುತ್ತದೆ, ತಲೆಯ ಮೇಲೆ ತಂತಿಗಳಿರುತ್ತವೆ, ಆರಕ್ಕೆ ಸರಂಜಾಮಿನ ಚೀಲ ಮೊಳೆಗೆ ನೇತುಹಾಕಿದ ಮೇಲೆ ಕೈ ಖಾಲಿ, ಖಾಲಿ ಕೈಗೆ ಹಳೆಯ ದಾರಿಯೇ ನೆನಪಾಗುವುದು. ಆ ಹೊತ್ತಿಗೆ ಅವಳು ಮನೆಯಲ್ಲಿರುವುದಿಲ್ಲ, ಡ್ರೈಕ್ಲೀನಿಂಗ್ ಅಂಗಡಿಯ ಕೌಂಟರಿನಲ್ಲಿರುತ್ತಾಳೆ, ಕಚೇರಿ ಬಿಟ್ಟವರೆಲ್ಲ ಕೋಟು ಹಿಡಿದು ಬರುವ ಹೊತ್ತು ಅದು, ಎಂಟರವರೆಗೆ ಕದಲುವ ಹಾಗಿಲ್ಲ. ಗಿರಾಕಿ ಇಲ್ಲದಾಗ ನೇತುಹಾಕಿದ ಕೋಟುಗಳ ಹಿಂದೆ, ಪ್ಲಾಸ್ಟಿಕ್ಕಿನ ಸರಬರ ಸದ್ದಿನಲ್ಲಿ, ಮೊದಲ ಬರಹ ಬರೆದದ್ದು. ಬಟ್ಟೆ ನೋಡಿದರೆ ಸಾಕು, ಇದು ಎಣ್ಣೆ, ಇದು ಶಾಯಿ, ಇದು ರಕ್ತ, ಇದು ಹೋಗುತ್ತೆ, ಇದು ಹೋಗಲ್ಲ ಸಾರ್ ಅಂತ ಹೇಳುವವಳು, ಮನೆಗೆ ಬಂದು ಗಂಡನ ಅಂಗಿಯನ್ನು ಮೂಗಿಗೆ ಹಿಡಿದು ನಿಲ್ಲುತ್ತಿದ್ದೆ, ಊಟ ಆಯ್ತಾ ಅಂತ ಕೇಳುವ ಮೊದಲೇ — ಅಂತ ಬರೆದಿದ್ದಳು. ಪ್ರಕಟಿಸುವ ಮೊದಲು ಅವನಿಗೇ ಓದಿ ಹೇಳಿದಳು, ಅವನು, ಹಾಕು, ಹೆಸರು ಬೇಡ ಅಷ್ಟೇ ಅಂದ, ಆಮೇಲೆ, ಬಿಟ್ಟುಬಿಟ್ಟ ಅಂತ ಬರೀಬೇಡ ಕಣೇ, ಇವತ್ತು ಇಲ್ಲ ಅಂತ ಬರಿ, ನಾಳೆದು ನಂಗೇನು ಗೊತ್ತು. ಅವತ್ತಿನಿಂದ ಅವಳ ಮೊದಲ ಓದುಗ ಅವನೇ, ಬರಹ ಹೊರಬಿದ್ದ ಸಂಜೆಯೇ, ಕೆಲಸ ಮುಗಿಸಿ ಬಂದು, ಕೈಕಾಲು ತೊಳೆದು, ಇದೇ ಕುರ್ಚಿಯಲ್ಲಿ.

ಹಾಗೆ ನೋಡಿದರೆ ಜಾಹೀರಾತಿನ ಹುಚ್ಚು ಹಿಡಿದಿದ್ದೂ ಆ ಆರು ಗಂಟೆಯಿಂದಲೇ, ಬ್ಲಾಗು ಅಷ್ಟೋ ಇಷ್ಟೋ ದುಡಿದರೆ ಸಂಜೆ ಪಾಳಿ ಬಿಡಬಹುದು, ಪಾಳಿ ಬಿಟ್ಟರೆ ಅವನು ಬಾಗಿಲು ತೆಗೆಯುವಾಗ ಒಳಗೆ ದೀಪ ಇರುತ್ತದೆ, ಇಷ್ಟೇ ಲೆಕ್ಕಾಚಾರ, ಬಂಗಲೆ ಕಟ್ಟುವ ಆಸೆ ಯಾರಿಗಿತ್ತು. ಎಷ್ಟು ಅಂಗಡಿಯ ಮೆಟ್ಟಿಲು ಹತ್ತಿದಳು, ಕನ್ನಡಕದ ಅಂಗಡಿಯವನು ಇದ್ದ ಕನ್ನಡಕವನ್ನೂ ತೆಗೆದು ನೋಡಿದ, ಇದನ್ನ ಯಾರು ಓದ್ತಾರಮ್ಮ, ಕುಡಿಯೋರು ಓದಲ್ಲ, ಕುಡೀದೋರಿಗೆ ಬೇಡ. ಹಾಸಿಗೆ ಅಂಗಡಿಯ ಯಜಮಾನನಿಗೆ ಅವಳೇ ಬಿಡಿಸಿ ಹೇಳಿದಳು, ಬಿಟ್ಟ ಹೊಸದರಲ್ಲಿ ನಿದ್ದೆ ಬರೋದಿಲ್ಲ ಸಾರ್, ನಿದ್ದೆ ಬಗ್ಗೇನೇ ಬರೆದಿದೀನಿ, ಪಕ್ಕದಲ್ಲಿ ನಿಮ್ಮ ಹಾಸಿಗೆ ಇದ್ರೆ ಎಷ್ಟು ಚೆನ್ನಾಗಿ ಹೊಂದುತ್ತೆ ನೋಡಿ, ಆತ ಓದಿದ, ತಲೆ ಕೆರೆದುಕೊಂಡ, ಹೊಂದುತ್ತೆ ಕಣಮ್ಮ, ಆದ್ರೆ ನಮ್ಮ ಹಾಸಿಗೆ ಮೇಲೆ ಕುಡುಕರು ಬಿದ್ಕೊಂಡಿರೋ ಹಾಗೆ ಕಾಣುತ್ತಲ್ಲ. ಆಮೇಲೆ ಆ ಕುಡಿತ ಬಿಡಿಸುವ ಪುಡಿಯವನು, ಕೋಟು ಕೊಡುವ ನೆಪದಲ್ಲಿ ಅಂಗಡಿಗೇ ಬಂದವನು, ನಯವಾದ ಮಾತು, ಕೈಬೆರಳಿಗೆಲ್ಲ ಉಂಗುರ, ಗಂಡನಿಗೆ ಗೊತ್ತಾಗದ ಹಾಗೆ ಊಟದಲ್ಲಿ ಬೆರೆಸಿಬಿಡಿ ಮೇಡಂ, ವಾರದಲ್ಲಿ ಬಾಟಲಿ ಕಂಡ್ರೆ ವಾಂತಿ, ನಿಮ್ಮ ಓದುಗರಿಗೆ ಇದಕ್ಕಿಂತ ತಕ್ಕ ಜಾಹೀರಾತು ಯಾವುದಿದೆ ಹೇಳಿ — ಕೈ ತುಂಬ ಕೊಡುತ್ತೇನೆಂದ, ಅವಳು ಅವನ ಕೋಟನ್ನೇ ವಾಪಸ್ಸು ಕೊಟ್ಟಳು, ಗೊತ್ತಾಗದ ಹಾಗೆ ಕೊಡೋದು ಔಷಧಿ ಅಲ್ಲ ಸ್ವಾಮಿ, ಅದೂ ಒಂದು ಮೋಸ, ನಮ್ಮನೇಲಿ ಅದು ಸಾಕಷ್ಟು ಆಗಿದೆ. ಮನೆಗೆ ಬಂದು ಹೇಳಿದಾಗ ಗಂಡ ಬಿದ್ದುಬಿದ್ದು ನಕ್ಕ, ಭಲೇ ಅಂದ, ಎಷ್ಟೋ ವರ್ಷದ ಮೇಲೆ ಅವನ ಆ ನಗು, ಅವಳಿಗೆ ಎರಡು ದಿನ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಅಷ್ಟು ಖಡಾಖಂಡಿತ ಹೆಂಗಸು, ಕಂಡಕಂಡದ್ದನ್ನೆಲ್ಲ ಪುಟಕ್ಕೆ ಬಿಟ್ಟುಕೊಳ್ಳುವವಳಲ್ಲ.

ನಾದಿನಿ ಬಂದಳು ನೋಡಿ, ಬೋರ್ಡು ಮಾಡುವ ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ಕೂರುವವಳು, ಬಾಯಿ ತೆಗೆದರೆ ಪಟಪಟ, ಅಯ್ಯೋ ಅತ್ತಿಗೆ, ನೀವ್ಯಾಕೆ ಹೀಗೆ ಅಂಗಡಿ ಅಂಗಡಿ ಅಲೀತೀರಾ, ಕಂಪನಿಗಳಿವೆ, ನೀವು ಜಾಗ ಬಿಟ್ಟುಕೊಟ್ರೆ ಸಾಕು, ಯಂತ್ರ ತಾನೇ ನಿಮ್ಮ ಬರಹ ಓದಿ ಅದಕ್ಕೆ ತಕ್ಕ ಜಾಹೀರಾತು ಹುಡುಕಿ ಹಾಕುತ್ತೆ. ಯಂತ್ರ ಓದುತ್ತಾ? ಅಣ್ಣನಿಗಿಂತ ಬೇಗ ಓದುತ್ತೆ ಬಿಡಿ. ಪುಟದ ಬುಡದಲ್ಲಿ ಒಂದು ಪಟ್ಟಿ ಮಾಡಿಕೊಟ್ಟಳು, ಪುಟ ಎಷ್ಟು ಜರುಗಿಸಿದರೂ ಆ ಪಟ್ಟಿ ಮಾತ್ರ ಅಲ್ಲೇ ನಿಲ್ಲುತ್ತದೆ, ಅದಕ್ಕೇ ಜಾಸ್ತಿ ದುಡ್ಡು ಅತ್ತಿಗೆ. ಮೊದಲ ಜಾಹೀರಾತು ಅವಳ ಫೋನಿನಲ್ಲಿ ಮೂಡಿದಾಗ, ಸೋಪಿನ ಪುಡಿಯದು, ಇಬ್ಬರೂ ಚಪ್ಪಾಳೆ ತಟ್ಟಿದರು, ನೋಡ್ರೀ ನೋಡ್ರೀ, ನಾನು ಅಂಗಿಯ ಬಗ್ಗೆ ಬರೆದದ್ದಕ್ಕೆ ಸೋಪು ಹಾಕಿದೆ, ಎಷ್ಟು ಬುದ್ಧಿ ನೋಡಿ ಅದಕ್ಕೆ, ಅವನೂ ತನ್ನ ಫೋನು ತೆಗೆದು ನೋಡಿದ, ನೋಡುತ್ತಲೇ ಇದ್ದ, ಚೆನ್ನಾಗಿದೆ ಕಣೇ ಅಂದ, ಎದ್ದು ಹೋಗಿ ನೀರು ಕುಡಿದು ಬಂದ. ಆಮೇಲೆ ಎಲ್ಲ ಸರಾಗ, ಓದುವವರು ಹೆಚ್ಚಿದರು, ಅಂಗಡಿಯ ಯಜಮಾನ ಲೇಖಕಿಯಮ್ಮ ಅಂತ ಕರೆಯತೊಡಗಿದ, ಮುಂದಿನ ತಿಂಗಳಿಂದ ಸಂಜೆ ಬರಲ್ಲ ಸಾರ್, ಬೇರೆಯವರನ್ನ ನೋಡ್ಕೊಳ್ಳಿ ಅಂತ ಮೊನ್ನೆಯಷ್ಟೇ ಹೇಳಿ ಬಂದಿದ್ದಾಳೆ.

ರೀ, ಬೆರಳು ತೆಗೀರೀ, ಅಕ್ಷರ ಹೇಗೆ ಕಾಣುತ್ತೆ ನಿಮಗೆ? ಕಾಣುತ್ತೆ ಬಿಡೇ, ಅಭ್ಯಾಸ ಅಂದ, ಯಾವಾಗಲೂ ಇದೇ ಉತ್ತರ, ಅವಳೂ ಒಪ್ಪಿಕೊಂಡಿದ್ದಾಳೆ, ಲಿಫ್ಟಿನವರ ಅಭ್ಯಾಸ ಅದು, ಜೊತೆಗಾರ ಮೇಲೆ ಹತ್ತಿ ಕೆಲಸ ಮಾಡುವಾಗ ಒಳಗಿದ್ದವನು ಗುಂಡಿ ಒತ್ತಿ ಹಿಡಿದು ನಿಲ್ಲಬೇಕಂತೆ, ಬೆರಳು ತೆಗೆದರೆ ಬಾಗಿಲು ಮುಚ್ಚಿಕೊಳ್ಳುತ್ತದಂತೆ, ಒಮ್ಮೆ ಮೈಮರೆತು ತೆಗೆದಾಗಲೇ ಉಗುರು ಕಪ್ಪಾಗಿದ್ದು. ನಾದಿನಿಗೊಂದು ಫೋನು ಮಾಡಿ ಕೇಳಿಬಿಡೋಣ, ಈ ಗ್ಲಾಸಿನ ಕಥೆ ಏನಂತ, ಅವಳ ಹಿಂದೆ ಯಾವುದೋ ಮಿಷಿನ್ನು ಗುಂಯ್ ಅನ್ನುತ್ತಿದೆ, ರಜಾದಿನವೂ ಕೆಲಸ ಪಾಪ — ಇಲ್ಲ ಅತ್ತಿಗೆ, ನಿಮಗೆ ಕಾಣೋದೇ ಎಲ್ರಿಗೂ ಕಾಣಲ್ಲ, ಒಬ್ಬೊಬ್ರಿಗೆ ಒಂದೊಂದು, ನೀವು ದಿನವಿಡೀ ಕಲೆ ಹೇಗೆ ತೆಗೆಯೋದು ಅಂತಾನೇ ಹುಡುಕ್ತೀರಲ್ಲ, ಅದಕ್ಕೆ ನಿಮಗೆ ಸೋಪು, ಬೇರೆಯವರಿಗೆ ಬರಹದಲ್ಲಿ ಯಾವ ಮಾತು ಜಾಸ್ತಿ ಇದೆಯೋ ಅದನ್ನ ನೋಡಿ — ಮಾತು ಅಲ್ಲಿಗೇ ನಿಂತಿತು, ಪಟಪಟ ಬಾಯಿಯವಳು ಅಯ್ಯೋ ಅಂದಳು, ಅಷ್ಟೇ. ಬರಹದಲ್ಲಿ ಯಾವ ಮಾತು ಜಾಸ್ತಿ ಇದೆ? ಕುಡಿತ, ಬಾಟಲಿ, ಬಾರು, ಕುಡಿದು ಬಂದ, ಕುಡಿಯದೆ ಬಂದ, ಸಾಲುಸಾಲಿಗೂ ಅದೇ, ಯಂತ್ರ ಓದಿತು, ಇವಳು ಯಾಕೆ ಅಳುತ್ತಿದ್ದಾಳೆ ಅಂತ ಅದಕ್ಕೇನು ಗೊತ್ತು, ಇವಳಿಗೆ ಈ ಮಾತು ತುಂಬ ಇಷ್ಟ ಅಂದುಕೊಂಡಿತು. ಇಷ್ಟು ತಿಂಗಳು ಅವಳು ತನ್ನ ಪುಟವನ್ನು ತನ್ನ ಫೋನಿನಲ್ಲೇ ನೋಡಿಕೊಂಡು ಮೆರೆದಳು, ಕನ್ನಡಿಯಲ್ಲಿ ಮುಖ ನೋಡಿಕೊಂಡವಳ ಹಾಗೆ, ಇನ್ನೊಬ್ಬರ ಕೈಯಲ್ಲಿ ಅದು ಹೇಗಿದೆ ಅಂತ ಒಮ್ಮೆಯೂ — ಮೂರನೇ ಮಹಡಿಯವಳ ಮನೆಯಲ್ಲಿ, ಅವಳ ಗಂಡನ ಕೈಯಲ್ಲಿ, ಮತ್ತೆ, ಮತ್ತೆ ಇಲ್ಲಿ, ಈ ಕುರ್ಚಿಯಲ್ಲಿ.

ರೀ, ನಿಮ್ಮ ಫೋನು ಕೊಡಿ ಸ್ವಲ್ಪ. ಯಾಕೆ, ನಿಂದೇನಾಯ್ತು? ಕೊಡಿ ಅಂದ್ರೆ. ಓದ್ತಾ ಇದೀನಲ್ಲೇ, ಇನ್ನೊಂಚೂರು ಇದೆ. ಅವಳು ಎದ್ದಳು, ಕೈ ಚಾಚಿದಳು, ಅವನು ಮುಖ ನೋಡಿದ, ಗೊತ್ತಾಯಿತು ಅವನಿಗೆ, ಬೆರಳು ನಿಧಾನಕ್ಕೆ ಎದ್ದಿತು, ಇಷ್ಟು ಹೊತ್ತು ಒತ್ತಿ ಒತ್ತಿ ಬೆರಳಿನ ತುದಿ ಬಿಳಿಚಿಕೊಂಡಿದೆ — ಕೆಳಗೆ ಗ್ಲಾಸು. ಮೈಯೆಲ್ಲ ಹನಿ ಕಟ್ಟಿದ ತಣ್ಣನೆಯ ಗ್ಲಾಸು, ಒಳಗೆ ಮಂಜುಗಡ್ಡೆ, ಒಂದು ಹನಿ ಮೆಲ್ಲಗೆ ಜಾರಿ ಬುಡಕ್ಕೆ ಬರುತ್ತದೆ, ಮತ್ತೆ ಮೇಲೆ ಇನ್ನೊಂದು ಹನಿ, ಪಕ್ಕದಲ್ಲಿ ಚೆಂದದ ಅಕ್ಷರದಲ್ಲಿ, ದಿನ ಮುಗಿಯಿತು, ಇನ್ನು ನಿಮ್ಮ ಸಮಯ. ಮೇಲೆ ಅವಳ ಶೀರ್ಷಿಕೆ, ಸಂಜೆ ಆರು ಗಂಟೆ. ಎರಡೂ ಸೇರಿಸಿ ಓದಿದರೆ ಅವಳೇ ಕೂತು ಬರೆದುಕೊಟ್ಟ ಹಾಗಿದೆ. ಯಾವಾಗಿಂದ ರೀ? ಮೊದ್ಲಿಂದ್ಲೂ. ಹೇಳೋಕೇನಾಗಿತ್ತು ನಿಮಗೆ? ಹೇಳಿದ್ರೆ ಅವತ್ತೇ ಕಿತ್ತು ಹಾಕ್ತಿದ್ದೆ ನೀನು, ಆಮೇಲೆ ಸಂಜೆ ಕೆಲಸ ಹೇಗೆ ಬಿಡ್ತಿದ್ದೆ. ಓದದೇ ಇರಬಹುದಿತ್ತಲ್ಲ, ಯಾರು ಓದು ಅಂದ್ರು ನಿಮ್ಮನ್ನ! ಅವನು ಕಿಟಕಿ ನೋಡಿದ, ಓದಿದ್ರೇನೇ ಆ ಹೊತ್ತು ದಾಟೋದು ಕಣೇ, ಇಲ್ಲಾಂದ್ರೆ ಎದ್ದು ಹೋಗಿಬಿಡ್ತೀನಿ ಅನ್ಸುತ್ತೆ. ಅವಳಿಗೆ ಅಳು ಒತ್ತರಿಸಿ ಬಂತು, ಅಳುವಿನ ನಡುವೆಯೂ ಮೂಗು, ಈ ಹಾಳು ಮೂಗು, ತನ್ನಷ್ಟಕ್ಕೆ ತಾನೇ ಅವನ ಅಂಗಿಯ ಹತ್ತಿರ ಹೋಯಿತು, ಗ್ರೀಸು, ಸೋಪು, ಬೆವರು, ಅಷ್ಟೇ, ಅಷ್ಟೇ ಇದ್ದದ್ದು, ಅವನು ನೋಡಿದ, ಅವಳಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ನಾದಿನಿ ಮತ್ತೆ ಫೋನು ಮಾಡಿದಳು, ಅಳುತ್ತಲೇ ಮಾತಾಡಿದಳು, ತಪ್ಪಾಯ್ತು ಅತ್ತಿಗೆ, ಆ ಬಗೆಯದ್ದನ್ನೆಲ್ಲ ತಡೆದಿದೀನಿ, ಇನ್ನು ಯಾರಿಗೂ ಬರಲ್ಲ, ಆದ್ರೆ ಜಾಸ್ತಿ ದುಡ್ಡು ಕೊಡ್ತಿದ್ದಿದ್ದೂ ಅದೇ ಅತ್ತಿಗೆ, ಇನ್ಮೇಲೆ ಅಷ್ಟು ಬರಲ್ಲ. ಬರದಿದ್ದರೆ ಬೇಡ, ನಾಳೆ ಯಜಮಾನನ ಮುಂದೆ ನಿಂತು ಹಲ್ಲು ಕಿರಿಯಬೇಕು, ಸಾರ್, ಸಂಜೆಗೆ ಬೇರೆಯವರನ್ನ ನೋಡಬೇಡಿ, ನಾನೇ ಇರ್ತೀನಿ, ಯಾಕೆ ಲೇಖಕಿಯಮ್ಮ ಅನ್ನುತ್ತಾನೆ, ಅನ್ನಲಿ, ಮೂರನೇ ಮಹಡಿಯವಳಿಗೂ ಬರೆಯಬೇಕು, ತೆಗೆದೆ ತಂಗೀ ಅಂತ, ಅದಕ್ಕಿಂತ ಜಾಸ್ತಿ ಏನು ಬರೆಯಲಿ. ಅವನ ಫೋನಿನಲ್ಲಿ ಪುಟ ಮತ್ತೆ ತೆರೆದಳು, ಬುಡದ ಪಟ್ಟಿಯಲ್ಲಿ ಈಗ ಹಾಸಿಗೆ, ಅದೇ ಅಂಗಡಿಯದು, ಬೇಡಮ್ಮ ಅಂದಿದ್ದ ಯಜಮಾನನ ಅದೇ ನೀಲಿ ಹಾಸಿಗೆ, ಯಂತ್ರಕ್ಕೆ ಅವನ ಮಾನ ಮರ್ಯಾದೆಯ ಚಿಂತೆ ಇಲ್ಲ, ಇಬ್ಬರೂ ನಕ್ಕರು, ಕಣ್ಣು ಒರೆಸಿಕೊಂಡು ನಕ್ಕರು, ಕೊಡು, ಉಳಿದದ್ದು ಓದ್ತೀನಿ ಅಂದ. ಅವಳು ಆರಿದ ಚಹಾದ ಕೆನೆ ತೆಗೆದು ಒಂದು ಗುಟುಕು ಕುಡಿದಳು, ತಲೆಯೆತ್ತಿದಳು, ಅವನ ತುಟಿ ಅಲ್ಲಾಡುತ್ತಿದೆ, ಮತ್ತೆ ಆ ಮೂಲೆಯಲ್ಲಿ — ರೀ, ಈಗ ಅಲ್ಲಿ ಬರೀ ಹಾಸಿಗೆ. ಗೊತ್ತು ಕಣೇ ಅಂದ. ಗೊತ್ತಂತೆ, ಆದರೂ ತೆಗೆಯುವುದಿಲ್ಲ, ತೆಗೆದರೆ ಬಾಗಿಲು ಮುಚ್ಚಿಕೊಳ್ಳುತ್ತದೋ ಏನೋ ಅನ್ನುವ ಹಾಗೆ, ನಾಳೆ ಆರಕ್ಕೆ ಬಾಗಿಲು ತೆಗೆದಾಗ ಒಳಗೆ ಕತ್ತಲೆ, ಅವಳು ಕೋಟುಗಳ ಹಿಂದೆ, ಇವನೊಬ್ಬನೇ ಇಲ್ಲಿ, ಈ ಕುರ್ಚಿಯಲ್ಲಿ, ಕೈಯಲ್ಲಿ ಪುಟ, ಆ ಹೆಬ್ಬೆರಳು, ಉಗುರು ಕಪ್ಪಾದ ಹೆಬ್ಬೆರಳು, ಮೂಲೆಯಲ್ಲಿ, ಒತ್ತಿ ಹಿಡಿದ ಹೆಬ್ಬೆರಳು